ಹಾಲು ಇಳಿಯುವ ಹೊತ್ತಿಗೆ ಬರುವ ದಿಗಿಲು

ಈ ಪ್ರಕರಣ ಬರೆಯಲು ಕಾರಣ ಒಂದು ಸ್ಲೈಡ್. ಮಾಡಿದ್ದು ನಾನೇ. ಕಾಲೇಜುಗಳಿಗೆ, ಮಹಿಳಾ ಸಂಘಗಳಿಗೆ ಮಾತಾಡಲು ಹೋದಾಗ ಆರೇಳು ವರ್ಷ ಅದನ್ನು ತೋರಿಸಿದ್ದೇನೆ. ಗುಲಾಬಿ ಬಣ್ಣದ ಹೃದಯ, ಅದರ ಪಕ್ಕ ‘ಆಕ್ಸಿಟೋಸಿನ್: ಪ್ರೀತಿಯ ಹಾರ್ಮೋನ್’ ಅಂತ ದಪ್ಪ ಅಕ್ಷರ. ಕೆಳಗೆ, ‘ದಿನಕ್ಕೊಮ್ಮೆ 20 ಸೆಕೆಂಡ್ ಅಪ್ಪಿಕೊಳ್ಳಿ, ಆತಂಕ ಕರಗುತ್ತದೆ’. ಜನ ನಗುತ್ತಿದ್ದರು, ಮೊಬೈಲಿನಲ್ಲಿ ಫೋಟೋ ಹಿಡಿಯುತ್ತಿದ್ದರು. ಅದೇ ಮಾತು ಒಂದು ದಿನ ಒಬ್ಬ ಗಂಡನ ಬಾಯಿಂದ, ದೂರಿನ ರೂಪದಲ್ಲಿ, ನನ್ನ ಮೇಜಿಗೇ ವಾಪಸ್ ಬಂತು.

ಅವಳನ್ನು ಸವಿತಾ ಅಂತ ಕರೆಯೋಣ. ಹೆಸರು, ಊರು, ಕೆಲಸ ಎಲ್ಲ ಬದಲಿಸಿದ್ದೇನೆ. ಬರೆದದ್ದನ್ನು ಅವಳಿಗೆ ಓದಿ ಹೇಳಿ ಒಪ್ಪಿಗೆ ಪಡೆದಿದ್ದೇನೆ. ನನ್ನ ಮಗಳ ವಯಸ್ಸಿನವಳು, ಹಾಗಾಗಿ ‘ಅವಳು’ ಅಂತಲೇ ಬರೆಯುತ್ತೇನೆ.

27 ವರ್ಷ, ಎರಡು ತಿಂಗಳ ಬಾಣಂತಿ, ಚೊಚ್ಚಲ ಮಗು. ತಾಯಿ ತೀರಿಕೊಂಡಿದ್ದರಿಂದ ಬಾಣಂತನ ಗಂಡನ ಮನೆಯಲ್ಲೇ ನಡೆದಿತ್ತು. ಅತ್ತೆ ಮನಸಾರೆ ಮಾಡುತ್ತಿದ್ದರು. ಎಣ್ಣೆ ನೀರು, ಸಾಂಬ್ರಾಣಿ ಹೊಗೆ, ಬೆಳ್ಳುಳ್ಳಿ, ಸಬ್ಬಸಿಗೆ ಸೊಪ್ಪು, ಯಾವುದಕ್ಕೂ ಕಡಿಮೆ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಇದರಲ್ಲಿ ಕೆಟ್ಟ ಅತ್ತೆಯನ್ನು ಹುಡುಕುವವರಿಗೆ ನಿರಾಸೆ ಆಗುತ್ತದೆ.

ಮೊದಲ ಸಲ ಒಬ್ಬಳೇ ಬಂದಿದ್ದಳು. ‘ಮಗು ಎದೆಗೆ ಬಾಯಿ ಹಾಕಿದ ಕೂಡಲೇ ಹೊಟ್ಟೆಯೊಳಗೆ ಏನೋ ಕುಸಿದ ಹಾಗೆ ಆಗುತ್ತೆ ಮೇಡಂ. ಯಾರೋ ಹೋಗ್ಬಿಟ್ರು ಅಂತ ಫೋನ್ ಬಂದಾಗ ಆಗುತ್ತಲ್ಲ, ಆ ಥರ. ಆಮೇಲೆ ಹೋಗಿಬಿಡುತ್ತೆ. ದಿನಕ್ಕೆ ಎಂಟು ಹತ್ತು ಸಲ.’ ನಂತರ ತಲೆ ಬಗ್ಗಿಸಿ, ‘ನನಗೆ ಮಗು ಮೇಲೆ ಪ್ರೀತಿ ಇಲ್ವೇನೋ’ ಅಂದಳು.

ಅವತ್ತು ನಾನು ಕೆಲವನ್ನು ಸರಿಯಾಗಿ ಮಾಡಿದೆ. ಎಡಿನ್‌ಬರೋ ಪ್ರಶ್ನಾವಳಿ ಅಂತ ಇದೆ, 1987ರಲ್ಲಿ ಬಂದದ್ದು. ಹೆರಿಗೆಯಾದವರಲ್ಲಿ ಖಿನ್ನತೆ ಇದೆಯಾ ಅಂತ ಜರಡಿ ಹಿಡಿಯಲು 10 ಪ್ರಶ್ನೆ. ಕನ್ನಡದಲ್ಲೂ ಇದೆ. ಅದನ್ನು ತುಂಬಿಸಿದೆ. ಕೊನೆಯ ಪ್ರಶ್ನೆ ತನಗೆ ತಾನೇ ಏನಾದರೂ ಮಾಡಿಕೊಳ್ಳುವ ಯೋಚನೆ ಬಂದಿದೆಯಾ ಅನ್ನುವುದು. ಅದಕ್ಕೆ ‘ಇಲ್ಲ’ ಅಂತ ಉತ್ತರ. ಒಟ್ಟು ಅಂಕ ಅಂಚಿನಲ್ಲಿತ್ತು. ಮನೋವೈದ್ಯರಿಗೆ ಒಂದು ಚೀಟಿ ಬರೆದೆ, ಥೈರಾಯ್ಡ್ ಪರೀಕ್ಷೆ ಮಾಡಿಸಲೂ ಹೇಳಿದೆ. ಹೆರಿಗೆಯಾದ ಮೇಲೆ ಥೈರಾಯ್ಡ್ ಏರುಪೇರಾಗಿ ಎದೆ ಡವಡವ ಅನ್ನುವುದು, ಮನಸ್ಸು ಕುಗ್ಗುವುದು ಅಪರೂಪವಲ್ಲ.

ತಪ್ಪು ಮಾಡಿದ್ದು ಹೊರಡುವಾಗ. ‘ಮಗುವನ್ನು ಜಾಸ್ತಿ ಹೊತ್ತು ಎದೆಗೊತ್ತಿ ಹಿಡಿದುಕೋ. ಹಾಲು ಕುಡಿಸುವಾಗ ಪ್ರೀತಿಯ ಹಾರ್ಮೋನ್ ಬರುತ್ತೆ, ಮನಸ್ಸು ತಾನಾಗೇ ಹಗುರಾಗುತ್ತೆ’ ಅಂದುಬಿಟ್ಟೆ. ಸ್ಲೈಡ್ ಬಾಯಿಪಾಠ ಆಗಿತ್ತಲ್ಲ.

ಹತ್ತು ದಿನ ಬಿಟ್ಟು ಮೂವರೂ ಬಂದರು. ಅತ್ತೆಯ ಮಡಿಲಲ್ಲಿ ಮಗು ಮಲಗಿತ್ತು. ಸವಿತಾಳ ಮುಖ ಮೊದಲಿಗಿಂತ ಇಳಿದಿತ್ತು. ಥೈರಾಯ್ಡ್ ವರದಿ ಸರಿಯಿತ್ತು. ಮನೋವೈದ್ಯರು ಸದ್ಯಕ್ಕೆ ಮಾತ್ರೆ ಬೇಡ, ಮೂರು ವಾರ ನೋಡೋಣ ಅಂದಿದ್ದರು.

ಗಂಡ ಕುರ್ಚಿಯ ತುದಿಗೆ ಕೂತು ಶುರು ಮಾಡಿದ. ‘ಮೇಡಂ, ನೀವೇ ಹೇಳಿದ್ರಂತೆ ಪ್ರೀತಿಯ ಹಾರ್ಮೋನ್ ಬರುತ್ತೆ ಅಂತ. ನಾನೂ ಯೂಟ್ಯೂಬ್‌ನಲ್ಲಿ ನೋಡಿದೀನಿ. ಬೆಳಿಗ್ಗೆ ಸಂಜೆ ಇವಳನ್ನ 20 ಸೆಕೆಂಡ್ ಹಗ್ ಮಾಡ್ತೀನಿ. ಹಾಲು ಕುಡಿಸುವಾಗ ಪಕ್ಕದಲ್ಲೇ ಕೂತು ಹೆಗಲ ಮೇಲೆ ಕೈ ಹಾಕ್ತೀನಿ. ನನಗೇನೋ ಸಮಾಧಾನ ಆಗುತ್ತೆ. ಸುಳ್ಳು ಹೇಳಲ್ಲ, ನಿಜವಾಗ್ಲೂ ಆಗುತ್ತೆ. ಇವಳಿಗೆ ಮಾತ್ರ ಅದು ಬರ್ತಾನೇ ಇಲ್ಲ. ಆನ್‌ಲೈನ್‌ನಲ್ಲಿ ಅದರದ್ದು ಸ್ಪ್ರೇ ಸಿಗುತ್ತಂತೆ, ಮೂಗಿಗೆ ಹೊಡ್ಕೊಳ್ಳೋದು. ತರಿಸ್ಲಾ?’

ಅತ್ತೆ ಅದಕ್ಕೊಂದು ಸೇರಿಸಿದರು. ‘ನಾನೂ ಪಕ್ಕದಲ್ಲೇ ಇರ್ತೀನಿ ಮೇಡಂ. ಒಬ್ಬಳನ್ನೇ ಬಿಡಲ್ಲ. ಹಾಲು ಸಾಕಾಯ್ತಾ, ಮಗು ಸರಿಯಾಗಿ ಹಿಡ್ಕೊಂಡಿದೆಯಾ, ನೋಡ್ತಾನೇ ಇರ್ತೀನಿ.’

ಅಷ್ಟರಲ್ಲಿ ಮಗು ಎದ್ದು ಅತ್ತಿತು. ಸವಿತಾ ಕುರ್ಚಿಯ ಕೈ ಹಿಡಿದುಕೊಂಡಳು. ‘ಈಗ ಬರುತ್ತೆ, ನೋಡ್ತಿರಿ’ ಅಂದಳು. ಮಗು ಇನ್ನೂ ಅತ್ತೆಯ ಮಡಿಲಲ್ಲೇ ಇತ್ತು, ಎದೆಗೆ ಬಂದೇ ಇರಲಿಲ್ಲ. ಅವಳ ಮುಖದ ಬಣ್ಣ ಹೋಯಿತು. ಕಣ್ಣು ಒಂದು ಕಡೆ ನೆಟ್ಟು ನಿಂತಿತು. ನಾನು ಗೋಡೆ ಗಡಿಯಾರ ನೋಡಿದೆ, ಯಾಕೆ ನೋಡಿದೆನೋ ಗೊತ್ತಿಲ್ಲ, ಅಭ್ಯಾಸ ಬಲ. ಸುಮಾರು ಒಂದೂಕಾಲು ನಿಮಿಷ. ಆಮೇಲೆ ಉಸಿರು ಬಿಟ್ಟಳು, ಸೆರಗು ಎಳೆದುಕೊಂಡಳು. ರವಿಕೆ ಒದ್ದೆಯಾಗಿತ್ತು.

ಗಂಡನ ಕಡೆ ತಿರುಗಿ ಅಂದಳು: ‘ನೀವು ಬರ್ತಿಲ್ಲ ಅಂತೀರಿ. ಬರುತ್ತೆ. ಬಂದಾಗಲೇ ಹೀಗಾಗೋದು.’

ಈ ಮಾತು ಕೇಳಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಅವಳು ಹೇಳಿದ್ದು ಅಕ್ಷರಶಃ ಸರಿ. ಮಗು ಚೀಪಿದಾಗ, ಎಷ್ಟೋ ಸಲ ಮಗುವಿನ ಅಳು ಕೇಳಿದರೂ ಸಾಕು, ಮೆದುಳಿನ ಬುಡದಿಂದ ಆಕ್ಸಿಟೋಸಿನ್ ಅಲೆ ಅಲೆಯಾಗಿ ರಕ್ತಕ್ಕೆ ಬರುತ್ತದೆ. ಹಾಲಿನ ಗ್ರಂಥಿಗಳ ಸುತ್ತ ಇರುವ ಪುಟ್ಟ ಸ್ನಾಯು ಕೋಶಗಳನ್ನು ಅದು ಹಿಂಡುತ್ತದೆ, ಹಾಲು ಇಳಿಯುತ್ತದೆ. ಒದ್ದೆಯಾದ ರವಿಕೆ ಅದಕ್ಕೆ ಸಾಕ್ಷಿ. ಹಾರ್ಮೋನ್ ಸಮಯಕ್ಕೆ ಸರಿಯಾಗಿ ಬಂದಿತ್ತು. ಬಾರದೇ ಇದ್ದದ್ದು ನನ್ನ ಸ್ಲೈಡ್ ಕೊಟ್ಟ ಮಾತು.

ಹಾಲು ಇಳಿಯುವ ಮುಂಚೆ ಕೆಲವು ಸೆಕೆಂಡುಗಳಿಂದ ಕೆಲವು ನಿಮಿಷದವರೆಗೆ ಮನಸ್ಸು ಹೀಗೆ ಪಾತಾಳಕ್ಕೆ ಹೋಗುವುದಕ್ಕೆ ಇಂಗ್ಲಿಷಿನಲ್ಲಿ ಡಿ-ಮರ್ (ಡಿಸ್ಫೋರಿಕ್ ಮಿಲ್ಕ್ ಇಜೆಕ್ಷನ್ ರಿಫ್ಲೆಕ್ಸ್) ಅನ್ನುತ್ತಾರೆ. ಅಮೆರಿಕದ ಹಾಲೂಡಿಕೆ ಸಲಹೆಗಾರ್ತಿ ಅಲಿಯಾ ಮಕ್ರೀನಾ ಹೈಸ್ ತಮಗೇ ಹೀಗಾದಾಗ, 2007ರ ಹೊತ್ತಿಗೆ, ಅದಕ್ಕೊಂದು ಹೆಸರು ಸಿಕ್ಕಿತು. ಹಾಲು ಇಳಿಯುವಾಗ ಡೋಪಮಿನ್ ಅನ್ನುವ ಮೆದುಳಿನ ರಾಸಾಯನಿಕ ಥಟ್ಟನೆ ಇಳಿಯುವುದೇ ಕಾರಣ ಅಂತ ಅವರ ವಾದ. ಆಕ್ಸಿಟೋಸಿನ್ನೇ ಕೆಲವರಲ್ಲಿ ಸಮಾಧಾನದ ಬದಲು ಅಪಾಯದ ಗಂಟೆ ಬಾರಿಸುತ್ತಿರಬಹುದು ಅಂತ ಇನ್ನು ಕೆಲವು ಸಂಶೋಧಕರ ವಾದ. ಜಗಳ ಇನ್ನೂ ತೀರಿಲ್ಲ. ನನಗೆ ಮುಖ್ಯವಾದದ್ದು ಬೇರೆ: ಇದು ಮೈಯಲ್ಲಿ ಆಗುವ ಸಂಗತಿ, ತಾಯಿಯ ಪ್ರೀತಿಗೆ ಹಾಕುವ ಅಂಕ ಅಲ್ಲ. ಖಿನ್ನತೆಗೂ ಇದಕ್ಕೂ ವ್ಯತ್ಯಾಸ ಇದೆ. ಖಿನ್ನತೆ ದಿನವಿಡೀ ಹೆಗಲ ಮೇಲೆ ಕೂತಿರುತ್ತದೆ, ಇದು ಹಾಲಿನ ಜೊತೆ ಬಂದು ಹಾಲಿನ ಜೊತೆ ಹೋಗುತ್ತದೆ. ಎರಡೂ ಒಟ್ಟಿಗೆ ಬರುವುದೂ ಉಂಟು, ಅದಕ್ಕೇ ಪ್ರಶ್ನಾವಳಿ ಬಿಡಬಾರದು.

ಗಂಡನಿಗೆ ಮೊದಲು ಉತ್ತರ ಹೇಳಬೇಕಿತ್ತು. ಪಾಪ, ಅವನು ತನ್ನ ಮೈಯನ್ನೇ ಪುರಾವೆಯಾಗಿ ತಂದಿದ್ದ. ನನಗೆ ಆಗುತ್ತೆ, ಇವಳಿಗೆ ಯಾಕಾಗಲ್ಲ?

ಅವನಿಗೆ ಹೇಳಿದ್ದನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ. ಈ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ನನ್ನ ಹತ್ತಿರ ಬರುತ್ತಲೇ ಇರುತ್ತದೆ.

ಆಕ್ಸಿಟೋಸಿನ್ 9 ಅಮೈನೋ ಆಮ್ಲಗಳ ಪುಟ್ಟ ಸರ. 1906ರಲ್ಲಿ ಹೆನ್ರಿ ಡೇಲ್, ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ರಸ ಗರ್ಭಕೋಶವನ್ನು ಬಿಗಿಯುತ್ತದೆ ಅಂತ ಕಂಡರು. ಹೆಸರಿಗೆ ಗ್ರೀಕಿನಲ್ಲಿ ‘ಬೇಗ ಹೆರಿಗೆ’ ಅಂತ ಅರ್ಥ. 1953ರಲ್ಲಿ ವಿನ್ಸೆಂಟ್ ಡು ವಿಗ್ನೋ ಅದನ್ನು ಪ್ರಯೋಗಾಲಯದಲ್ಲಿ ತಯಾರಿಸಿದರು, 1955ರಲ್ಲಿ ಅವರಿಗೆ ನೊಬೆಲ್ ಬಂತು. ಇಷ್ಟರಲ್ಲಿ ಎಲ್ಲೂ ಪ್ರೀತಿಯ ಸುದ್ದಿ ಇಲ್ಲ ನೋಡಿ. ಪ್ರೀತಿ, ನಂಬಿಕೆ ಅಂತ ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾದದ್ದು 2005ರ ನಂತರ. ಜ್ಯೂರಿಕ್‌ನಲ್ಲಿ ಒಂದು ಪ್ರಯೋಗ ನಡೆಯಿತು. ಮೂಗಿಗೆ ಆಕ್ಸಿಟೋಸಿನ್ ಹೊಡೆದುಕೊಂಡವರು ಅಪರಿಚಿತರನ್ನು ನಂಬಿ ಹೆಚ್ಚು ಹಣ ಒಪ್ಪಿಸಿದರು. ಅದರಲ್ಲಿ ಭಾಗವಹಿಸಿದವರೆಲ್ಲ ಗಂಡಸರು. 2020ರಲ್ಲಿ ಅದನ್ನೇ ದೊಡ್ಡದಾಗಿ ಮತ್ತೆ ಮಾಡಿ ನೋಡಿದಾಗ ಒಟ್ಟಾರೆ ಅಂಥ ಪರಿಣಾಮ ಕಾಣಲಿಲ್ಲ.

ಹೆಂಗಸರನ್ನು ಯಾಕೆ ಬಿಟ್ಟರು? ಗರ್ಭಿಣಿಯಾಗಿದ್ದರೆ ಅಪಾಯ, ಮುಟ್ಟಿನ ಚಕ್ರದ ಏರಿಳಿತದಿಂದ ಲೆಕ್ಕ ಕೆಡುತ್ತದೆ ಅಂತ. ಅಂದರೆ ಯಾರ ಮೈಯಲ್ಲಿ ಈ ಹಾರ್ಮೋನ್‌ಗೆ ಅತಿ ಹೆಚ್ಚು ಕೆಲಸ ಇದೆಯೋ ಅವರನ್ನೇ ಬಾಗಿಲಾಚೆ ನಿಲ್ಲಿಸಿ ಲೆಕ್ಕ ಮಾಡಿದರು. ನನಗೆ ಇದನ್ನು ಯೋಚಿಸಿದಾಗೆಲ್ಲ ಸಿಟ್ಟು ಬರುತ್ತದೆ, ಆ ಸಿಟ್ಟನ್ನು ಇಲ್ಲಿ ಮುಚ್ಚಿಡುವುದಿಲ್ಲ.

ಹೆಂಗಸರನ್ನು ಸೇರಿಸಿದ ಮೇಲೆ ಏನಾಯಿತು? ಜರ್ಮನಿಯ ಗ್ರೆಗರ್ ಡೋಮ್ಸ್ ಮತ್ತು ಜೊತೆಗಾರರು 2007ರಲ್ಲಿ ಗಂಡಸರಿಗೆ ಆಕ್ಸಿಟೋಸಿನ್ ಕೊಟ್ಟು ಮುಖಗಳ ಚಿತ್ರ ತೋರಿಸಿದಾಗ, ಮೆದುಳಿನಲ್ಲಿ ಭಯದ ಕಾವಲುಗಾರನಂತಿರುವ ಅಮಿಗ್ಡಲಾ ತಣ್ಣಗಾಯಿತು. 2010ರಲ್ಲಿ ಹೆಂಗಸರಿಗೆ ಕೊಟ್ಟು ಹೆದರಿದ ಮುಖಗಳನ್ನು ತೋರಿಸಿದಾಗ ಅದು ಇನ್ನಷ್ಟು ಚುರುಕಾಯಿತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದಲ್ಲಿ ಬ್ರಯಾನ್ ಟ್ರೈನರ್ ಅವರ ತಂಡ ಕ್ಯಾಲಿಫೋರ್ನಿಯಾ ಇಲಿಗಳನ್ನು ಇಟ್ಟುಕೊಂಡು ನೋಡಿತು. ಈ ಜಾತಿಯಲ್ಲಿ ಗಂಡು ಹೆಣ್ಣು ಎರಡೂ ತಮ್ಮ ಜಾಗಕ್ಕಾಗಿ ಕಾದಾಡುತ್ತವೆ, ಹಾಗಾಗಿ ಸೋಲಿನ ನೋವನ್ನು ಎರಡರಲ್ಲೂ ಅಳೆಯಬಹುದು. ಸೋತು ಮೂಲೆ ಸೇರಿದ ಗಂಡಿಲಿಗೆ ಆಕ್ಸಿಟೋಸಿನ್ ಕೊಟ್ಟರೆ ಮತ್ತೆ ಬೆರೆಯಲು ಬಂತು. ಸೋಲನ್ನೇ ಕಾಣದ ಹೆಣ್ಣಿಲಿಗೆ ಕೊಟ್ಟರೆ ಅದು ದೂರ ಸರಿಯಿತು. ಇನ್ನೊಂದು ಪ್ರಯೋಗದಲ್ಲಿ, ಸೋತ ಹೆಣ್ಣಿಲಿಯ ಮೆದುಳಿನ ಒಂದು ಪುಟ್ಟ ಭಾಗದಲ್ಲಿ ಆಕ್ಸಿಟೋಸಿನ್ ಕೆಲಸ ಮಾಡದ ಹಾಗೆ ತಡೆದಾಗ, ಅದು ಮತ್ತೆ ಹತ್ತಿರ ಬಂತು.

ಇದಕ್ಕೆ ಈಸ್ಟ್ರೋಜನ್ ಕೂಡ ಕೈ ಜೋಡಿಸುತ್ತದೆ. ಆಕ್ಸಿಟೋಸಿನ್ ಬಂದು ಕೂರುವ ಗ್ರಾಹಕಗಳನ್ನು ಮೆದುಳಿನ ಕೆಲವು ಭಾಗಗಳಲ್ಲಿ ಹೆಚ್ಚಿಸುವುದು ಅದೇ. ಬಸುರಿನಲ್ಲಿ ಈಸ್ಟ್ರೋಜನ್, ಪ್ರೊಜೆಸ್ಟರಾನ್ ಎರಡೂ ಏರಿ ಏರಿ ನಿಂತಿರುತ್ತವೆ. ಮಾಸು ಬಿದ್ದ ಕೆಲವೇ ದಿನಗಳಲ್ಲಿ ಎರಡೂ ಧೊಪ್ಪನೆ ಕೆಳಗೆ ಬೀಳುತ್ತವೆ. ಪ್ರೊಜೆಸ್ಟರಾನ್‌ನಿಂದ ಆಗುವ ಅಲೋಪ್ರೆಗ್ನನೊಲೋನ್ ಅನ್ನುವ ವಸ್ತು ಮೆದುಳನ್ನು ಶಾಂತವಾಗಿಡುತ್ತಿತ್ತು, ಅದೂ ಹೋಗುತ್ತದೆ. ಅಮೆರಿಕದಲ್ಲಿ 2019ರಲ್ಲಿ ಬಾಣಂತಿಯರ ಖಿನ್ನತೆಗೆ ಅಂತಲೇ ಒಪ್ಪಿಗೆ ಪಡೆದ ಮೊದಲ ಔಷಧ ಇದೇ ವಸ್ತುವಿನ ತಯಾರಿಕೆ. ಅಂದರೆ ಆಕ್ಸಿಟೋಸಿನ್ ಅದೇ, ಅದು ಬಂದು ಇಳಿಯುವ ಮನೆ ಮಾತ್ರ ವಾರದಿಂದ ವಾರಕ್ಕೆ ಬೇರೆ.

ಇಷ್ಟೆಲ್ಲ ಗಂಡನಿಗೆ ಒಂದೇ ಉಸಿರಿಗೆ ಹೇಳಲಿಲ್ಲ ಬಿಡಿ. ಅರ್ಧ ಹೇಳುವಷ್ಟರಲ್ಲಿ ಅತ್ತೆ ಬಾಯಿ ಹಾಕಿದರು.

‘ಮೇಡಂ, ಇದು ಹಸುಗೆ ಚುಚ್ತಾರಲ್ಲ, ಅದೇ ಇಂಜೆಕ್ಷನ್ನಾ?’

ಹೌದು ಅಂದೆ. ಅವರ ಮನೆಯಲ್ಲಿ ಎರಡು ಹಸು ಇದ್ದವು. ಹಾಲು ಹಿಂಡಲು ಆಕ್ಸಿಟೋಸಿನ್ ಚುಚ್ಚುವ ಕೆಟ್ಟ ಚಾಳಿ ನಮ್ಮ ದೇಶದಲ್ಲಿ ಎಷ್ಟು ಬೆಳೆದಿತ್ತೆಂದರೆ, 2018ರಲ್ಲಿ ಕೇಂದ್ರ ಸರಕಾರ ಖಾಸಗಿ ಕಂಪನಿಗಳು ಅದನ್ನು ತಯಾರಿಸುವುದನ್ನೇ ನಿಲ್ಲಿಸಿ, ಬೆಂಗಳೂರಿನ ಕರ್ನಾಟಕ ಆಂಟಿಬಯೋಟಿಕ್ಸ್ ಅಂಡ್ ಫಾರ್ಮಾಸ್ಯೂಟಿಕಲ್ಸ್ ಒಂದಕ್ಕೇ ಬಿಡಲು ಹೊರಟಿತ್ತು. ಹೆರಿಗೆಯ ರಕ್ತಸ್ರಾವ ತಡೆಯುವ ಔಷಧಕ್ಕೆ ಕೊರತೆ ಬರುತ್ತದೆ ಅನ್ನುವ ಆತಂಕ ಎದ್ದಿತು. ಆ ಡಿಸೆಂಬರ್‌ನಲ್ಲಿ ದಿಲ್ಲಿ ಹೈಕೋರ್ಟ್ ಆದೇಶವನ್ನು ರದ್ದು ಮಾಡಿತು.

‘ನಮ್ಮ ಮನೇಲಿ ಯಾವತ್ತೂ ಚುಚ್ಚಿಲ್ಲ’ ಅಂತ ಅತ್ತೆ ಮೊದಲು ತಮ್ಮ ಮರ್ಯಾದೆ ಕಾಪಾಡಿಕೊಂಡರು. ಆಮೇಲೆ ಮಗುವನ್ನು ತಟ್ಟುತ್ತಾ, ನನಗಲ್ಲ, ಮಗನಿಗೆ ಹೇಳಿದರು: ‘ಹೋದ ವರ್ಷ ಗೌರಿ ಕರು ಹಾಕ್ದಾಗ ನೆನಪಿದೆಯಾ ನಿಂಗೆ? ಹತ್ತಿರ ಹೋದ್ರೆ ನನ್ನನ್ನೇ ಹಾಯಕ್ಕೆ ಬಂತು. ಅದು ಕರುವಾಗಿದ್ದಾಗಿಂದ ಹುಲ್ಲು ಹಾಕಿದ್ದು ನಾನು. ಕರುವಿನ ಮೇಲೆ ಪ್ರೀತಿ ಇಲ್ಲ ಅಂತ ಹಾಯ್ತದಾ ಅದು?’

ನಾನು ಅರ್ಧ ಗಂಟೆಯಿಂದ ಹೇಳಲು ಒದ್ದಾಡುತ್ತಿದ್ದದ್ದು ಅದೇ. ಜರ್ಮನಿಯ ರೇಗನ್ಸ್‌ಬರ್ಗ್‌ನಲ್ಲಿ ಆಲಿವರ್ ಬಾಷ್, ಇಂಗಾ ನಾಯ್ಮನ್ 2005ರಲ್ಲಿ ತಾಯಿ ಇಲಿಗಳಲ್ಲಿ ಕಂಡದ್ದೂ ಹೆಚ್ಚು ಕಡಿಮೆ ಗೌರಿಯ ಕತೆಯೇ. ಹುಟ್ಟಿನಿಂದಲೇ ಆತಂಕ ಜಾಸ್ತಿ ಇರುವ ತಳಿಯ ತಾಯಂದಿರು, ಮರಿಗಳ ಬಳಿ ಬಂದ ಹೊಸಬರ ಮೇಲೆ ಜೋರಾಗಿ ಎರಗಿದವು. ಆ ಹೊತ್ತಿನಲ್ಲಿ ಅವುಗಳ ಮೆದುಳಿನಲ್ಲಿ ಆಕ್ಸಿಟೋಸಿನ್ ಹೆಚ್ಚು ಸುರಿಯುತ್ತಿತ್ತು. ಹೆಚ್ಚಿನ ತಾಯಂದಿರಿಗೆ ಹಾಲೂಡಿಸುವುದು ನಿಜಕ್ಕೂ ನೆಮ್ಮದಿ ಕೊಡುತ್ತದೆ, ಅದನ್ನು ಅಲ್ಲಗಳೆಯುತ್ತಿಲ್ಲ. ಆದರೆ ಅದೇ ಹಾರ್ಮೋನ್ ಕಾವಲನ್ನೂ ಕೂರಿಸುತ್ತದೆ. ಯಾರು ಸುತ್ತ ಇದ್ದಾರೆ, ಅವರ ಕಣ್ಣು ಹೇಗಿದೆ, ಧ್ವನಿ ಹೇಗಿದೆ, ಎಲ್ಲ ಒಂದು ಪಟ್ಟು ಹೆಚ್ಚು ಮೈಗೆ ತಾಗುತ್ತದೆ.

ಸವಿತಾಳ ಕೋಣೆಯಲ್ಲಿ ಆಗ ಯಾರಿರುತ್ತಿದ್ದರು? ಪಕ್ಕದಲ್ಲಿ ಗಂಡ, ಹೆಗಲ ಮೇಲೆ ಕೈ, ‘ಬಂತಾ? ಈಗ ಹಗುರ ಆಯ್ತಾ?’ ಅನ್ನುವ ಪ್ರಶ್ನೆ. ಎದುರಿಗೆ ಅತ್ತೆ, ಹಾಲು ಸಾಕಾಯ್ತಾ ಅನ್ನುವ ಕಣ್ಣು. ಬಾಗಿಲಲ್ಲಿ ಮಗು ನೋಡಲು ಬಂದ ಪಕ್ಕದ ಮನೆಯವರು. ಎಲ್ಲರೂ ಒಳ್ಳೆಯವರೇ. ಆದರೆ ದಿನಕ್ಕೆ ಹತ್ತು ಸಲ ಪರೀಕ್ಷೆ ನಡೆಯುತ್ತಿತ್ತು, ಹತ್ತು ಸಲವೂ ಅವಳು ಫೇಲ್ ಆಗುತ್ತಿದ್ದಳು. ಒಂದು ನಿಮಿಷದ ದಿಗಿಲು ಹಾಗೆ ಇಡೀ ದಿನಕ್ಕೆ ಹಬ್ಬುತ್ತಿತ್ತು.

ಅವತ್ತು ಕೊಟ್ಟ ಸಲಹೆ ಇಷ್ಟು. ಹಾಲು ಕುಡಿಸುವಾಗ ಬಾಗಿಲು ಮುಚ್ಚಿರಬೇಕು, ಒಳಗೆ ಅವಳು ಮತ್ತು ಮಗು. ಯಾರಾದರೂ ಬೇಕು ಅನ್ನಿಸಿದರೆ ಅವಳೇ ಕರೆಯುತ್ತಾಳೆ. ಶುರು ಮಾಡುವ ಮುಂಚೆ ಒಂದು ಲೋಟ ನೀರು ಪಕ್ಕದಲ್ಲಿ, ಎರಡೂ ಪಾದ ನೆಲದ ಮೇಲೆ. ದಿಗಿಲು ಬಂದ ಕೂಡಲೇ ‘ಇದು ಹಾಲಿನ ದಿಗಿಲು, ಹೋಗುತ್ತೆ’ ಅಂತ ಮನಸ್ಸಿನಲ್ಲೇ ಹೇಳಿಕೊಂಡು ಎಣಿಸುವುದು. ಆಮೇಲೆ ಗೋಡೆ ಕ್ಯಾಲೆಂಡರಿನಲ್ಲಿ ಎಷ್ಟರವರೆಗೆ ಎಣಿಸಿದೆ ಅಂತ ಬರೆಯುವುದು. ಕಾರಣ ಸರಳ. ಕೊನೆಯೇ ಇಲ್ಲ ಅನ್ನಿಸುವ ಭಯಕ್ಕೆ ಒಂದು ಅಳತೆ ಸಿಕ್ಕರೆ ಅದು ಭಯದಿಂದ ತೊಂದರೆಯ ಮಟ್ಟಕ್ಕೆ ಇಳಿಯುತ್ತದೆ.

ಗಂಡನಿಗೆ ಹೇಳಿದ್ದು: 20 ಸೆಕೆಂಡಿನ ಲೆಕ್ಕ ಇವತ್ತಿಗೆ ಮುಗಿಯಿತು. ಅಪ್ಪುಗೆ ಅವಳು ಕೇಳಿದಾಗ ಮಾತ್ರ. ಸ್ಪ್ರೇ ಸುತರಾಂ ಬೇಡ. ಮನುಷ್ಯರಿಗೆ ಕೊಡುವ ಆಕ್ಸಿಟೋಸಿನ್ ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ. ಆನ್‌ಲೈನ್ ಬಾಟಲಿಯೊಳಗೆ ಏನಿದೆ ಅಂತ ಯಾರು ಕಂಡರು? ಇನ್ನು ಬಾಟಲಿಯಲ್ಲಿ ನಿಜವಾದದ್ದೇ ಇದ್ದರೂ, ಅದು ಬಂದಾಗಲೇ ಕುಸಿಯುವವಳಿಗೆ ಇನ್ನಷ್ಟು ಕೊಡುವುದು ಯಾವ ಜಾಣತನ? ಅದರ ಬದಲು ಹಾಲು ಕುಡಿದಾದ ಮೇಲೆ ಮಗುವನ್ನು ಎತ್ತಿಕೊಂಡು ತೇಗಿಸು, ಆಡಿಸು ಅಂದೆ. ಇಸ್ರೇಲಿನ ರೂತ್ ಫೆಲ್ಡ್‌ಮನ್ ಅವರ ತಂಡದ 2010ರ ಅಧ್ಯಯನದಲ್ಲಿ, ಮುದ್ದಿಸಿ ಸವರಿದ ಅಮ್ಮಂದಿರಲ್ಲಿ ಆಕ್ಸಿಟೋಸಿನ್ ಏರಿತ್ತು, ಆಟ ಆಡಿಸಿ ಕುಣಿಸಿದ ಅಪ್ಪಂದಿರಲ್ಲಿ ಏರಿತ್ತು. ‘ನಿನ್ನ ಹಾರ್ಮೋನ್ ನಿನಗೆ ಮಗುವಿನಿಂದಲೇ ಸಿಗುತ್ತೆ, ಹೆಂಡತಿ ಹತ್ತಿರ ಲೆಕ್ಕ ಕೇಳಬೇಡ’ ಅಂದೆ. ಸ್ವಲ್ಪ ಒರಟಾಯಿತೇನೋ. ಅವನು ನಕ್ಕ.

ಅವನ ಇನ್ನೊಂದು ಪ್ರಶ್ನೆ ಗಂಭೀರವಾದದ್ದು. ಹೆರಿಗೆಯಲ್ಲಿ ನೋವು ಬರಿಸಲು ಡ್ರಿಪ್ ಹಾಕಿದ್ದರಂತೆ, ಅದೂ ಆಕ್ಸಿಟೋಸಿನ್. ಅದರಿಂದಲೇ ಹೀಗಾಯಿತಾ? ಅಮೆರಿಕದಲ್ಲಿ 2017ರಲ್ಲಿ ಬಂದ ಒಂದು ಅಧ್ಯಯನ, ಹೆರಿಗೆಯ ಹೊತ್ತಿನ ಆಕ್ಸಿಟೋಸಿನ್‌ಗೂ ಮೊದಲ ವರ್ಷದ ಖಿನ್ನತೆ, ಆತಂಕಕ್ಕೂ ನಂಟು ಕಂಡಿತ್ತು. ನಂಟು ಅಂದರೆ ಕಾರಣ ಅಲ್ಲ. ಕಷ್ಟದ ಹೆರಿಗೆಗೇ ಡ್ರಿಪ್ ಜಾಸ್ತಿ ಹಾಕುತ್ತಾರೆ, ಕಷ್ಟದ ಹೆರಿಗೆಯೇ ಮನಸ್ಸನ್ನು ಹಣ್ಣು ಮಾಡಬಹುದು. ಅದೇ ಔಷಧದ 10 ಯೂನಿಟ್ ಹೆರಿಗೆಯಾದ ತಕ್ಷಣ ಕೊಡುವುದರಿಂದ ರಕ್ತಸ್ರಾವ ನಿಂತು ಎಷ್ಟೋ ತಾಯಂದಿರ ಜೀವ ಉಳಿಯುತ್ತಿದೆ. ಆಸ್ಪತ್ರೆಯ ಮೇಲೆ ಸಿಟ್ಟು ಮಾಡಿಕೊಳ್ಳುವ ವಿಷಯ ಇದಲ್ಲ ಅಂತ ಹೇಳಿ ಕಳಿಸಿದೆ.

ಕೊನೆಯ ಸಲಹೆ ಸವಿತಾಳಿಗೆ ಒಬ್ಬಳಿಗೇ. ತಡೆಯಲಾಗದಿದ್ದರೆ ಹಾಲು ಕಡಿಮೆ ಮಾಡಬಹುದು, ಮಕ್ಕಳ ವೈದ್ಯರನ್ನು ಕೇಳಿ ರಾತ್ರಿಯ ಒಂದು ಹೊತ್ತು ಬಾಟಲಿಗೆ ಬಿಡಬಹುದು. ಬಿಟ್ಟರೆ ನೀನು ಕೆಟ್ಟ ತಾಯಿ ಆಗುವುದಿಲ್ಲ.

ಈ ಮಾತಿಗೆ ನನ್ನ ಸಹೋದ್ಯೋಗಿಯೊಬ್ಬರು ಜಗಳಕ್ಕೇ ಬಂದರು. ಆರು ತಿಂಗಳು ಎದೆಹಾಲು ಮಾತ್ರ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ನೀವು ಹೇಗೆ ಹೀಗೆ ಹೇಳಿದಿರಿ ಅಂತ. ನನಗೂ ಗೊತ್ತು, ನಾನೂ ಅದನ್ನೇ ಬಯಸುವವಳು. ಆದರೆ ಬಾಗಿಲು ತೆರೆದಿದೆ ಅಂತ ಗೊತ್ತಿದ್ದವರು ಕೋಣೆಯಲ್ಲಿ ನೆಮ್ಮದಿಯಾಗಿ ಕೂರುತ್ತಾರೆ. ಬಿಡಬಹುದು ಅಂದ ಮೇಲೆ ಸವಿತಾ ಬಿಡಲಿಲ್ಲ. ಬಿಟ್ಟಿದ್ದರೂ ನಾನು ಇದನ್ನೇ ಬರೆಯುತ್ತಿದ್ದೆ.

ಇನ್ನೊಬ್ಬರ ಆಕ್ಷೇಪ ನನ್ನನ್ನು ಹೆಚ್ಚು ಕಾಡಿತು. ‘ಹೆಂಗಸರಿಗೆ ಬೇರೆ, ಗಂಡಸರಿಗೆ ಬೇರೆ ಅಂತ ಶುರು ಮಾಡಿದರೆ, ನಾಳೆ ಹೆಂಡತಿ ಏನೇ ಹೇಳಿದರೂ ಅದು ಹಾರ್ಮೋನ್ ಪ್ರಾಬ್ಲಂ ಅಂತ ತಳ್ಳಿಹಾಕುತ್ತಾರೆ.’ ಈ ಅಪಾಯ ಇದೆ, ನಾನೇ ಕಣ್ಣಾರೆ ಕಂಡಿದ್ದೇನೆ. ಒಬ್ಬ ಗಂಡ ನನ್ನ ಮುಂದೆಯೇ, ‘ಇವಳ ಡೇಟ್ ಹತ್ತಿರ ಬಂದಿದೆ, ಇವತ್ತು ಹೇಳಿದ್ದನ್ನ ಬರ್ಕೋಬೇಡಿ’ ಅಂದಿದ್ದ. ಆದರೆ ವ್ಯತ್ಯಾಸ ಇಲ್ಲ ಅಂತ ನಟಿಸಿದ್ದರಿಂದ ಏನಾಯಿತು? ಗಂಡಸರ ಮೂಗಿನ ಲೆಕ್ಕ ಹೆಂಗಸರ ಎದೆಗೆ ಬಂತು. ಸವಿತಾ ತನ್ನ ಮೈಯಲ್ಲಿ ಏನೋ ಕೊರತೆ ಇದೆ ಅಂದುಕೊಂಡಳು. ಗಂಡ ಸ್ಪ್ರೇ ಹುಡುಕಿದ. ನಾನು ಇನ್ನಷ್ಟು ಒತ್ತಿ ಹಿಡಿದುಕೋ ಅಂದೆ. ಹಾರ್ಮೋನ್ ಅವಳ ದಿಗಿಲಿಗೆ ವಿವರಣೆ ಆಯಿತು, ಕೋಣೆಯಿಂದ ಜನರನ್ನು ಹೊರಗೆ ಕಳಿಸಿದ್ದು ನಾವು. ಹಾರ್ಮೋನ್ ಅಂತ ಹೇಳಿ ಮನೆಯವರನ್ನು ಹಾಗೇ ಬಿಟ್ಟಿದ್ದರೆ ಆ ಆಕ್ಷೇಪವನ್ನು ನಾನು ಒಪ್ಪುತ್ತಿದ್ದೆ.

ಓದುತ್ತಿರುವವರಲ್ಲಿ ಯಾರಿಗಾದರೂ ದಿಗಿಲು ಹಾಲಿನ ಹೊತ್ತು ದಾಟಿ ದಿನವಿಡೀ ಇದ್ದರೆ, ಮಗು ಮಲಗಿದರೂ ನಿದ್ದೆ ಬಾರದಿದ್ದರೆ, ತನಗೋ ಮಗುವಿಗೋ ಏನಾದರೂ ಮಾಡಿಬಿಡುತ್ತೇನೆ ಅನ್ನಿಸಿದರೆ, ಯಾರೂ ಇಲ್ಲದ ಮಾತು ಕಿವಿಗೆ ಬಿದ್ದರೆ, ಕ್ಯಾಲೆಂಡರ್ ಸಾಲದು. ಬಾಣಂತಿ ಸನ್ನಿ ಅಂತ ಹಿರಿಯರು ಹೆದರುತ್ತಿದ್ದದ್ದು ಸುಮ್ನೆ ಅಲ್ಲ, ಅದು ಆ ದಿನವೇ ವೈದ್ಯರ ಹತ್ತಿರ ಹೋಗಬೇಕಾದ ಕಾಯಿಲೆ. ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗು ಇಬ್ಬರನ್ನೂ ಒಟ್ಟಿಗೆ ಸೇರಿಸಿಕೊಂಡು ನೋಡುವ ಘಟಕವೇ ಇದೆ.

ಸವಿತಾಳ ಕ್ಯಾಲೆಂಡರಿನಲ್ಲಿ ಮೊದಲ ವಾರ 70, 80, 95. ಮೂರನೇ ವಾರ 40ರ ಆಸುಪಾಸು. ದಿಗಿಲು ಹೋಗಿರಲಿಲ್ಲ, ಆದರೆ ಪ್ರಶ್ನಾವಳಿಯ ಅಂಕ ಚೆನ್ನಾಗಿ ಇಳಿದಿತ್ತು. ಮನೋವೈದ್ಯರೂ ಮಾತ್ರೆ ಬೇಡ ಅಂದರು. ಅತ್ತೆ ಬಾಗಿಲ ಹೊರಗೆ ಜಗಲಿಯಲ್ಲಿ ಕೂತು, ಮಗು ನೋಡಲು ಬಂದವರಿಗೆ ಕಾಫಿ ಕೊಟ್ಟು ಅಲ್ಲಿಂದಲೇ ಕಳಿಸುತ್ತಿದ್ದರಂತೆ.

ಮಗುವಿಗೆ ಏಳು ತಿಂಗಳಾದಾಗ ಇಬ್ಬರೂ ಒಮ್ಮೆ ಬಂದು ಹೋದರು. ಎಣಿಕೆ ಹದಿನೈದು ಇಪ್ಪತ್ತಕ್ಕೆ ಬಂದಿತ್ತು. ಆದರೆ ಹೆರಿಗೆಯ ನಂತರ ಮೊದಲ ಸಲ ಮುಟ್ಟಾಗುವ ಎರಡು ದಿನ ಮುಂಚೆ ಮತ್ತೆ 60 ದಾಟಿದೆ ಅಂದಳು. ನಾನು ಕ್ಯಾಲೆಂಡರಿನ ಹಾಳೆ ಕೇಳಿದೆ. ಆ ಎರಡು ದಿನಕ್ಕೆ ಯಾರೋ ಪೆನ್ಸಿಲಿನಲ್ಲಿ ಸುತ್ತು ಹಾಕಿದ್ದರು, ಪಕ್ಕದಲ್ಲಿ ಒಂದು ಪ್ರಶ್ನೆಚಿಹ್ನೆ. ಅಕ್ಷರ ಅವಳದ್ದಲ್ಲ.

‘ಮುಂದಿನ ತಿಂಗಳೂ ಬರೀತೀವಿ ಮೇಡಂ, ಆಮೇಲೆ ನಿಮಗೆ ತೋರಿಸ್ತೀವಿ’ ಅಂದ ಗಂಡ, ಮಗುವನ್ನು ಹೆಗಲ ಮೇಲೆ ಹಾಕಿಕೊಂಡು.